ಒಂದು ಸಂಖ್ಯೆ ಹೇಳಿ, ದುಡಿದು ತಲುಪುತ್ತೇವೆ

ನಿನ್ನೆ ಸಂಜೆ ಕೆಲಸದಿಂದ ಬಂದು ಇನ್ನೂ ಕೋಟು ಬಿಚ್ಚಿರಲಿಲ್ಲ, ಇಲ್ಲೇ ಇಂಗ್ಲೆಂಡಿನ ಲೆಸ್ಟರ್‌ನಲ್ಲಿರುವ ನಮ್ಮ ಹುಡುಗನೊಬ್ಬನ ಫೋನ್ ಬಂತು. ಹೆಸರು ಬೇಡ. ಯುಗಾದಿ ಊಟಕ್ಕೆ ಬಂದವರಿಗೆ ಅವನು ಗೊತ್ತು. ಅವನ ತಾಯಿಗೆ ಎಪ್ಪತ್ನಾಲ್ಕು ವರ್ಷ, ದಾವಣಗೆರೆಯಲ್ಲಿ ಒಬ್ಬರೇ ಇದ್ದಾರೆ. ತಂದೆ ಹೋಗಿ ಎರಡು ವರ್ಷವಾಯಿತು. ಕಳೆದ ವರ್ಷ ಪಾರ್ಶ್ವವಾಯು ಹೊಡೆದು ತಾಯಿಯ ಬಲಗೈ ಸ್ವಾಧೀನ ತಪ್ಪಿದೆ. ಇವನು ಒಬ್ಬನೇ ಮಗ. ತಾಯಿಯನ್ನು ಇಲ್ಲಿಗೆ ಕರೆಸಿಕೊಳ್ಳಲು ಹಾಕಿದ್ದ ಅರ್ಜಿ ತಿರಸ್ಕೃತವಾಗಿದೆ. ಪತ್ರವನ್ನು ಕಳಿಸಿದ, ಓದಿದೆ. ಮಗ ತಿಂಗಳು ತಿಂಗಳು ಕಳಿಸುವ ಹಣ ಊರಿನಲ್ಲಿ ಆಳು ಇಟ್ಟುಕೊಳ್ಳಲು ಸಾಕಾಗುತ್ತದೆ, ಆದ್ದರಿಂದ ಆರೈಕೆ ಅಲ್ಲೇ ಸಿಗುತ್ತದೆ ಎಂಬುದು ಅದರ ಸಾರ.

ಆ ಹಣದ ಲೆಕ್ಕವನ್ನು ಕೊಟ್ಟವನು ಅವನೇ. ತಾಯಿಯನ್ನು ಸಾಕುವ ಶಕ್ತಿ ನನಗಿದೆ ಎಂದು ತೋರಿಸಲು ಬ್ಯಾಂಕಿನ ಹಾಳೆಗಳನ್ನೆಲ್ಲ ಜೋಡಿಸಿ ಕೊಟ್ಟಿದ್ದ. "ನಾನು ಕೊಟ್ಟ ಸಾಕ್ಷಿಯನ್ನೇ ನನ್ನ ವಿರುದ್ಧ ಹಿಡಿದರು ಅಕ್ಕಾ" ಎಂದು ಅತ್ತ. ರಾತ್ರಿಯಿಡೀ ನನಗೆ ನಿದ್ದೆ ಬರಲಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಊರಿನಲ್ಲಿರುವ ಬಹಳಷ್ಟು ಜನ, ಇಂಗ್ಲೆಂಡಿನಲ್ಲಿ ನೆಲೆಸಿದ ಮಕ್ಕಳು ಮನಸ್ಸು ಮಾಡಿದರೆ ಅಪ್ಪ ಅಮ್ಮನನ್ನು ಕರೆಸಿಕೊಳ್ಳಬಹುದು ಎಂದುಕೊಂಡಿದ್ದಾರೆ. ಮನಸ್ಸಿನ ಪ್ರಶ್ನೆಯೇ ಅಲ್ಲ ಇದು. ಕೆಲಸದ ವೀಸಾದ ಮೇಲೆ ಬಂದವರಲ್ಲಿ ಬಹಳಷ್ಟು ಜನ ಗಂಡ, ಹೆಂಡತಿ, ಮಕ್ಕಳನ್ನು ಕರೆತರಬಹುದು. 2024ರ ಮಾರ್ಚ್‌ನಿಂದೀಚೆಗೆ ಆರೈಕೆ ಕೆಲಸದ ವೀಸಾ ಪಡೆದು ಬಂದವರಿಗಂತೂ ಅದೂ ಇಲ್ಲ. ತಂದೆ ತಾಯಿ ಈ ಪಟ್ಟಿಯಲ್ಲಿ ಎಂದೂ ಇಲ್ಲ. ವರ್ಷಗಟ್ಟಲೆ ದುಡಿದು ಕಾಯಂ ನಿವಾಸದ ಹಕ್ಕೋ ಪೌರತ್ವವೋ ಸಿಕ್ಕಮೇಲೆ ಒಂದು ದಾರಿ ಇದೆ. 2012ರ ಜುಲೈಗೆ ಮೊದಲು, ಅರುವತ್ತೈದು ದಾಟಿದ ತಂದೆ ತಾಯಿ ಮಕ್ಕಳ ದುಡಿಮೆಯ ಮೇಲೆ ಅವಲಂಬಿತರಾಗಿದ್ದರೆ ಬರುವ ಅವಕಾಶವಿತ್ತು. ಆ ಜುಲೈಯಲ್ಲಿ ನಿಯಮ ಬದಲಾಯಿತು. ಈಗ, ತಾಯಿಗೆ ದಿನನಿತ್ಯದ ಕೆಲಸಗಳಿಗೆ ದೀರ್ಘಕಾಲ ಬೇರೆಯವರ ಕೈ ಬೇಕಾಗಿರಬೇಕು. ಮಕ್ಕಳ ಹಣದ ನೆರವಿದ್ದರೂ ಅಂಥ ಆರೈಕೆ ಅವರ ದೇಶದಲ್ಲಿ ಸಿಗುತ್ತಿರಬಾರದು ಅಥವಾ ಕೈಗೆಟುಕುತ್ತಿರಬಾರದು. ಇದರ ಜೊತೆಗೆ, ಇಲ್ಲಿಗೆ ಬಂದಮೇಲೆ ಐದು ವರ್ಷ ಸರ್ಕಾರದ ಹಣ ಮುಟ್ಟದೆ ಅವರನ್ನು ಸಾಕುತ್ತೇವೆ ಎಂದು ಮಕ್ಕಳು ಬರೆದುಕೊಡಬೇಕು.

ಇದನ್ನು ಇನ್ನೊಮ್ಮೆ ಓದಿ. ಸಾಕುವಷ್ಟು ಸಂಬಳ ಇಲ್ಲದಿದ್ದರೆ ತಾಯಿ ಬರುವಂತಿಲ್ಲ. ಸಾಕುವಷ್ಟು ಸಂಬಳ ಇದ್ದರೆ ಆ ಸಂಬಳದಲ್ಲಿ ಊರಿನಲ್ಲೇ ಆಳು ಇಡಬಹುದು, ಆಗಲೂ ಬರುವಂತಿಲ್ಲ. ಅದೇ ಸಂಬಳ ಒಂದು ಪುಟದಲ್ಲಿ ಅರ್ಹತೆ, ಮುಂದಿನ ಪುಟದಲ್ಲಿ ಅಡ್ಡಿ. ಮೂರು ಸಾವಿರ ಪೌಂಡ್‌ಗೂ ಹೆಚ್ಚು ಶುಲ್ಕ ಕಟ್ಟಿಸಿಕೊಂಡು ಹೇಳುವ ಮಾತು ಇದು.

ನನ್ನ ಕೆಲಸ ಏನೆಂದು ನಿಮಗೆ ಗೊತ್ತಿದೆ. ಹದಿನಾಲ್ಕು ವರ್ಷಗಳಿಂದ ಇಲ್ಲಿನ ಆಸ್ಪತ್ರೆಗಳ ವೃದ್ಧರ ವಾರ್ಡುಗಳಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್ ಆಗಿದ್ದೇನೆ. ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಅಜ್ಜಿ ಮನೆಗೆ ಹೋಗಿ ಒಬ್ಬಳೇ ಇರಬಲ್ಲಳೇ ಎಂದು ನೋಡುವುದು ನನ್ನ ದಿನದ ಕೆಲಸ. ಸ್ನಾನ ಮಾಡಬಲ್ಲಳೇ, ಬಟ್ಟೆ ಹಾಕಿಕೊಳ್ಳಬಲ್ಲಳೇ, ಅಡುಗೆ ಮಾಡಿಕೊಳ್ಳಬಲ್ಲಳೇ. ವೀಸಾ ನಿಯಮ ಉದಾಹರಣೆಗೆ ಹೇಳುವ ದಿನನಿತ್ಯದ ಕೆಲಸಗಳೂ ಈ ಮೂರೇ. ವಾರ್ಡಿನ ಪುಟ್ಟ ಅಡುಗೆಮನೆಯಲ್ಲಿ ಅಜ್ಜಿಯನ್ನು ನಿಲ್ಲಿಸಿ ಒಂದು ಕಪ್ ಚಹಾ ಮಾಡಿಸುತ್ತೇನೆ. ಕೆಟಲ್ ಎತ್ತುವಾಗ ಮಣಿಕಟ್ಟು ನಡುಗಿತೇ, ಹಾಲನ್ನು ಫ್ರಿಜ್‌ಗೆ ವಾಪಸು ಇಡಲು ಮರೆತಳೇ, ಎಲ್ಲವನ್ನೂ ಬರೆದುಕೊಳ್ಳುತ್ತೇನೆ. ಈ ಕೆಲಸ ಕಲಿಸಿದ್ದು ಒಂದೇ. ಕೈ ಆಡುತ್ತಿದೆ ಎಂದ ಮಾತ್ರಕ್ಕೆ ಮನುಷ್ಯ ಒಂಟಿಯಾಗಿ ಬದುಕಬಲ್ಲ ಎಂದಲ್ಲ. ಹಾಗೆಂದು ನಾನು ಎಷ್ಟೋ ವರದಿಗಳಲ್ಲಿ ಬರೆದಿದ್ದೇನೆ, ಇಲ್ಲಿನ ವೈದ್ಯರು ಒಪ್ಪಿ ಸಹಿ ಹಾಕಿದ್ದಾರೆ. ನಮ್ಮ ತಾಯಂದಿರ ಅರ್ಜಿಯ ಹೊತ್ತಿಗೆ ಈ ತಿಳಿವಳಿಕೆ ಎಲ್ಲಿ ಹೋಗುತ್ತದೆ?

ನನ್ನ ಅಮ್ಮ ಸಾಗರದಲ್ಲಿ ಒಬ್ಬಳೇ ಇದ್ದಾಳೆ. ಕಳೆದ ಸಲ ಇಲ್ಲಿಗೆ ಬಂದಾಗ ನಡೆದದ್ದನ್ನು ಈವರೆಗೆ ಯಾರಿಗೂ ಹೇಳಿಲ್ಲ, ನನ್ನ ಗಂಡನಿಗೂ. ಒಂದು ಬೆಳಿಗ್ಗೆ ಅಮ್ಮ ರವಿಕೆಯ ಗುಂಡಿ ಹಾಕಿಕೊಳ್ಳಲಾಗದೆ ಕನ್ನಡಿಯ ಮುಂದೆ ನಿಂತಿದ್ದಳು. ಬೆರಳುಗಳು ಗುಂಡಿಯನ್ನು ಹುಡುಕುತ್ತಿದ್ದವು, ಸಿಗುತ್ತಿರಲಿಲ್ಲ. ಬಾಗಿಲಲ್ಲಿ ನಿಂತು ನೋಡಿದ ನನ್ನ ಮನಸ್ಸಿಗೆ ಮೊದಲು ಬಂದದ್ದು ಸಂಕಟವಲ್ಲ. ಇದನ್ನು ಬರೆದಿಡಬೇಕು, ಅರ್ಜಿಗೆ ಆಗುತ್ತದೆ ಎಂಬ ಆಸೆ. ನನ್ನ ಹೆತ್ತವಳ ಕೈ ಸೋಲುವುದನ್ನು ನೋಡಿ ನನ್ನೊಳಗೆ ಏನೋ ಹಗುರವಾಯಿತು. ಆಮೇಲೆ ಗುಂಡಿ ಹಾಕಿಕೊಟ್ಟೆ. ಅಮ್ಮ "ಚಳಿಗೆ ಬೆರಳು ಮರಗಟ್ಟಿದೆ ಅಷ್ಟೇ" ಅಂದಳು. ಒಬ್ಬ ಮಗಳ ಮನಸ್ಸನ್ನು ಅಲ್ಲಿಯವರೆಗೆ ತಂದು ನಿಲ್ಲಿಸುವ ನಿಯಮವನ್ನು ನಾನು ಕ್ಷಮಿಸಲಾರೆ.

ಭೇಟಿಯ ವೀಸಾ ಇದೆಯಲ್ಲ ಎನ್ನುತ್ತಾರೆ. ಇದೆ. ಹತ್ತು ವರ್ಷದ್ದೂ ಸಿಗುತ್ತದೆ. ಆದರೆ ಒಂದು ಸಲಕ್ಕೆ ಆರು ತಿಂಗಳು ಮಾತ್ರ. ಮೇಲಿಂದ ಮೇಲೆ ಬಂದು ಇದನ್ನೇ ಮನೆ ಮಾಡಿಕೊಂಡಂತೆ ಕಂಡರೆ ವಿಮಾನ ನಿಲ್ದಾಣದಲ್ಲೇ ಪ್ರಶ್ನೆ ಏಳುತ್ತದೆ. ಎಂಬತ್ತರ ಹತ್ತಿರದ ಮುದುಕಿಯನ್ನು ಸಾಗರದಿಂದ ಬೆಂಗಳೂರಿಗೆ, ಅಲ್ಲಿಂದ ಇಲ್ಲಿಗೆ, ಆರು ತಿಂಗಳಿಗೊಮ್ಮೆ ಎಳೆದಾಡಬೇಕು. ಕೆಟಲ್ ಎತ್ತಲಾಗದ ಸ್ಥಿತಿ ಬಂದು ವೀಸಾಕ್ಕೆ ಅರ್ಹಳಾದ ದಿನ ಅವಳು ಹತ್ತು ಗಂಟೆ ವಿಮಾನದಲ್ಲಿ ಕೂರುವ ಸ್ಥಿತಿಯಲ್ಲಿರುತ್ತಾಳೆಯೇ?

ನಾನು ಆದಾಯದ ಷರತ್ತಿಗೆ ವಿರೋಧಿಯಲ್ಲ, ಇದನ್ನು ಸ್ಪಷ್ಟವಾಗಿ ಹೇಳುತ್ತೇನೆ. ಗಂಡನನ್ನೋ ಹೆಂಡತಿಯನ್ನೋ ಕರೆಸಿಕೊಳ್ಳಲು ಇಲ್ಲಿ 2012ರಲ್ಲಿ ವರ್ಷಕ್ಕೆ 18,600 ಪೌಂಡ್ ಆದಾಯ ಬೇಕೆಂದರು. 2024ರ ಏಪ್ರಿಲ್ 11ರಿಂದ ಅದನ್ನು 29,000ಕ್ಕೆ ಏರಿಸಿದರು. ಸಂಬಳ ಸಾಲದಿದ್ದವರು ಉಳಿತಾಯ ತೋರಿಸಬಹುದು, ಬರೀ ಉಳಿತಾಯದಿಂದಲೇ ಆಗಬೇಕಾದರೆ 88,500 ಪೌಂಡ್ ಬೇಕು. ಕ್ರೂರವಾದ ಮೊತ್ತ. ಇದರಿಂದ ಹೊಸದಾಗಿ ಮದುವೆಯಾದವರು ವರ್ಷಗಟ್ಟಲೆ ಬೇರೆ ಬೇರೆ ಇರುವುದನ್ನು ನೋಡಿದ್ದೇನೆ. ಆದರೂ ಅದೊಂದು ಸಂಖ್ಯೆ. ರಾತ್ರಿ ಪಾಳಿ ಮಾಡಿ, ಎರಡನೇ ಕೆಲಸ ಹಿಡಿದು ಅದನ್ನು ಮುಟ್ಟಬಹುದು. ನಮ್ಮ ತಾಯಂದಿರ ವಿಷಯದಲ್ಲಿ ಮುಟ್ಟಲು ಒಂದು ಸಂಖ್ಯೆಯೇ ಇಲ್ಲ. ಹೆಚ್ಚು ದುಡಿದಷ್ಟೂ ದೂರ ಹೋಗುವ ಗಡಿ ಅದು.

ಬೇರೆ ದೇಶಗಳು ಸಂಖ್ಯೆ ಹೇಳುತ್ತವೆ. ಕೆನಡಾದ ಸೂಪರ್ ವೀಸಾದಲ್ಲಿ ಕುಟುಂಬದಲ್ಲಿ ಎಷ್ಟು ತಲೆ, ಅದಕ್ಕೆ ಎಷ್ಟು ಆದಾಯ ಎಂಬ ಕೋಷ್ಟಕವಿದೆ. ಒಂದು ಲಕ್ಷ ಡಾಲರಿನ ಆರೋಗ್ಯ ವಿಮೆ ಮಾಡಿಸಿದರೆ ತಂದೆ ತಾಯಿ ಒಂದು ಪ್ರವೇಶಕ್ಕೆ ಐದು ವರ್ಷದವರೆಗೆ ಇರಬಹುದು. ಆಸ್ಟ್ರೇಲಿಯ 2019ರಲ್ಲಿ ತಂದೆ ತಾಯಿಗೆಂದೇ ತಾತ್ಕಾಲಿಕ ವೀಸಾ ತಂದಿತು. ಮೂರು ವರ್ಷ ಅಥವಾ ಐದು ವರ್ಷ, ಒಟ್ಟು ಹತ್ತು ವರ್ಷದವರೆಗೆ. ಕರೆಸಿಕೊಳ್ಳುವವರ ತೆರಿಗೆಗೆ ಒಳಪಡುವ ವರ್ಷದ ಆದಾಯ 83,454 ಡಾಲರ್ ಮತ್ತು 80 ಸೆಂಟ್ ಇರಬೇಕು. ಶುಲ್ಕ ದುಬಾರಿ, ವಿಮೆ ಕಡ್ಡಾಯ. ಇರಲಿ. ಸೆಂಟಿನವರೆಗೆ ಲೆಕ್ಕ ಹೇಳಿದ್ದಾರೆ. ಮೆಲ್ಬರ್ನ್‌ನಲ್ಲಿರುವ ನನ್ನ ಚಿಕ್ಕಮ್ಮನ ಮಗಳು ಆ ಲೆಕ್ಕ ಹಿಡಿದುಕೊಂಡೇ ಅಪ್ಪ ಅಮ್ಮನನ್ನು ಕರೆಸಿಕೊಂಡಳು.

ಇಲ್ಲಿನವರು ಕೇಳುವ ಪ್ರಶ್ನೆ ನನಗೆ ಗೊತ್ತು. ವಯಸ್ಸಾದವರು ಬಂದರೆ ಆಸ್ಪತ್ರೆಯ ಖರ್ಚು ಯಾರು ಹೊರುತ್ತಾರೆ? ನ್ಯಾಯವಾದ ಪ್ರಶ್ನೆಯೇ. ವಾರ್ಡಿನಲ್ಲಿ ಹಾಸಿಗೆ ಖಾಲಿಯಿಲ್ಲದೆ ಕಾರಿಡಾರಿನಲ್ಲಿ ಮಲಗಿದ ಮುದುಕರನ್ನು ದಿನವೂ ನೋಡುವ ನನಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ಆದರೆ ಉತ್ತರವೂ ಅವರ ಬಳಿಯೇ ಇದೆ. ವೀಸಾದ ಮೇಲೆ ನೆಲೆಸಲು ಬರುವ ಬಹಳಷ್ಟು ವಯಸ್ಕರಿಂದ ತಲೆಗೆ ವರ್ಷಕ್ಕೆ 1,035 ಪೌಂಡ್ ಆರೋಗ್ಯ ಶುಲ್ಕ ವಸೂಲಿ ಮಾಡುತ್ತಾರೆ. ನಮ್ಮ ತಾಯಂದಿರಿಗೆ ಅದರ ಎರಡರಷ್ಟು ಕೇಳಲಿ, ಮೂರರಷ್ಟು ಕೇಳಲಿ, ವಿಮೆ ಮಾಡಿಸಿ ಎನ್ನಲಿ. ಮಾಡಿಸುತ್ತೇವೆ. ಕೇಳಿಯೇ ಇಲ್ಲ.

ಊರಿನವರ ಮಾತು ಬೇರೆ. ಅಷ್ಟು ಪ್ರೀತಿಯಿದ್ದರೆ ವಾಪಸು ಬಾ ಎನ್ನುತ್ತಾರೆ. ಮಕ್ಕಳ ಶಾಲೆ, ಮನೆಯ ಸಾಲ, ಗಂಡನ ಕೆಲಸ ಎಲ್ಲ ಇಲ್ಲಿ ಬೇರುಬಿಟ್ಟಿವೆ. ನನ್ನ ಮಕ್ಕಳನ್ನು ಕಿತ್ತು ನನ್ನ ಅಮ್ಮನ ಹತ್ತಿರ ಹೋಗು ಎಂದರೆ ಅದು ಉತ್ತರವಲ್ಲ, ಇನ್ನೊಂದು ಅಗಲಿಕೆ. ಈ ಮಾತಿಗೆ ನನ್ನ ಹತ್ತಿರ ಇದಕ್ಕಿಂತ ಹೆಚ್ಚಿನ ತಾಳ್ಮೆ ಇಲ್ಲ.

ಹುಡುಗನ ವಿಷಯಕ್ಕೆ ಬರುತ್ತೇನೆ. ಮೇಲ್ಮನವಿಗೆ ಇಪ್ಪತ್ತೆಂಟು ದಿನ ಸಮಯವಿದೆ, ಅದರಲ್ಲಿ ಆರು ಕಳೆದಿವೆ. 2017ರಲ್ಲಿ ಇಲ್ಲಿನ ಮೇಲ್ಮನವಿ ನ್ಯಾಯಾಲಯ ಈ ನಿಯಮವನ್ನು ಎತ್ತಿಹಿಡಿಯಿತು ನಿಜ. ಆದರೆ ಆರೈಕೆ ಎಂದರೆ ಬರೀ ಕೈಕೆಲಸವಲ್ಲ, ವೈದ್ಯರು ದೃಢಪಡಿಸಿದರೆ ಆ ವ್ಯಕ್ತಿಯ ಮಾನಸಿಕ ಅಗತ್ಯವೂ ಅದರಲ್ಲಿ ಸೇರುತ್ತದೆ ಎಂದೂ ಅದೇ ತೀರ್ಪು ಹೇಳಿದೆ. ನಾವು ಹಿಡಿದುಕೊಳ್ಳಬೇಕಾದ ಎಳೆ ಅದು. ಆ ತಾಯಿ ಸಂಜೆ ಆರರ ನಂತರ ಯಾರು ಬಂದರೂ ಬಾಗಿಲು ತೆಗೆಯುವುದಿಲ್ಲ, ಇಟ್ಟ ಆಳುಗಳು ಒಬ್ಬರೂ ನಿಂತಿಲ್ಲ, ಒಬ್ಬರೇ ಇದ್ದಾಗ ಊಟ ಬಿಡುತ್ತಾರೆ. ಇದೆಲ್ಲ ಮೊದಲ ಅರ್ಜಿಯಲ್ಲಿ ಒಂದು ಸಾಲೂ ಇಲ್ಲ.

ದಾವಣಗೆರೆಯಲ್ಲಿ ವೃದ್ಧರನ್ನು ನೋಡುವ ವೈದ್ಯರೋ ಮನೋವೈದ್ಯರೋ ಪರಿಚಯವಿದ್ದವರು ನನಗೆ ಸಂದೇಶ ಕಳಿಸಿ. ತಾಯಿಯನ್ನು ಮನೆಯಲ್ಲೇ ನೋಡಿ, ಸಾವಕಾಶವಾಗಿ ಮಾತಾಡಿಸಿ, ವಿವರವಾಗಿ ಬರೆದುಕೊಡಬೇಕು. ಮನೆಗೆ ಆರೈಕೆಯವರನ್ನು ಕಳಿಸುವ ಸಂಸ್ಥೆಗಳಿಂದ ರಾತ್ರಿ ಉಳಿಯುವವರು ಸಿಗುವುದಿಲ್ಲ ಎಂಬ ಪತ್ರವೂ ಬೇಕು. ಕನ್ನಡದಲ್ಲಿ ಬರೆದುಕೊಟ್ಟರೂ ಆಗುತ್ತದೆ, ಅನುವಾದ ಮಾಡಿಸುವುದು ನನ್ನ ಹೊಣೆ. ಶನಿವಾರ ನಾನೇ ಲೆಸ್ಟರ್‌ಗೆ ಹೋಗಿ ಅವನ ಜೊತೆ ಕೂತು ಕಾಗದಗಳನ್ನೆಲ್ಲ ಮತ್ತೆ ಮೊದಲಿನಿಂದ ಜೋಡಿಸುತ್ತೇನೆ.