ಒಳ್ಳೆಯ ವಿಡಿಯೋಗಳ ಬಗ್ಗೆಯೂ ಸ್ವಲ್ಪ ಮಾತಾಡೋಣ

ಚರ್ಚಿನಲ್ಲಿ ಮೊಬೈಲ್ ಬಗ್ಗೆ ಮಾತು ಬಂದಾಗಲೆಲ್ಲ ಅದು ಒಂದೇ ಕಡೆ ಹೋಗಿ ನಿಲ್ಲುತ್ತದೆ. ಕೆಟ್ಟದ್ದು ನೋಡಬೇಡಿ, ಮಕ್ಕಳ ಫೋನ್ ಮೇಲೆ ಒಂದು ಕಣ್ಣಿಡಿ. ಸರಿಯಾದ ಮಾತೇ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ನಮ್ಮಂಥ ದೊಡ್ಡವರೆಲ್ಲ ಸಲೀಸಾಗಿ ಪಾರಾಗಿಬಿಡುತ್ತೇವೆ. ನಾವು ನೋಡುವುದು ಫಾದರ್‌ಗಳ ಪ್ರಸಂಗ, ಭಕ್ತಿಗೀತೆ, ಅಡುಗೆ, ಸುದ್ದಿ. ಅದರಲ್ಲಿ ಪಾಪ ಎಲ್ಲಿ ಬಂತು, ಅಲ್ವಾ?

ನನಗೆ ಜಾಸ್ತಿ ಭಯ ಇರುವುದು ಈ ಒಳ್ಳೆಯ ವಿಡಿಯೋಗಳ ಬಗ್ಗೆಯೇ. ಯಾಕೆ ಅಂತ ಹೇಳುತ್ತೇನೆ. ಸ್ವಲ್ಪ ಉದ್ದ ಇದೆ, ಬಿಡುವು ಮಾಡಿಕೊಂಡು ಓದಿ.

ಅಕ್ಟೋಬರ್ ನಮ್ಮ ಕಥೋಲಿಕರಿಗೆ ಜಪಸರದ ತಿಂಗಳು, ಅಂದರೆ ಮಣಿ ಎಣಿಸುತ್ತಾ ಮಾತೆ ಮರಿಯಮ್ಮನವರಿಗೆ ಪ್ರಾರ್ಥನೆ ಹೇಳುವ ತಿಂಗಳು. ದಾವಣಗೆರೆಯಲ್ಲಿ ನಮ್ಮ ಏರಿಯಾದವರೆಲ್ಲ ಸಂಜೆ ಹೊತ್ತು ಒಬ್ಬೊಬ್ಬರ ಮನೆಯಲ್ಲಿ ಸೇರಿ ಜಪಸರ ಹೇಳುತ್ತೇವೆ. ಹೋದ ವರ್ಷ ನಿಟುವಳ್ಳಿ ಕಡೆಯ ಒಂದು ಮನೆಯಲ್ಲಿ ನನ್ನ ಪಕ್ಕ ಒಬ್ಬ ಆಂಟಿ ಕೂತಿದ್ದರು. ಯಾವತ್ತೂ ತಪ್ಪಿಸದವರು. ಎಡಗೈಯಲ್ಲಿ ಜಪಮಣಿ, ಮಡಿಲಲ್ಲಿ ಫೋನು. ಮೂರನೇ ರಹಸ್ಯದ (ಜಪಸರದ ಐದು ಭಾಗಗಳಿಗೆ ನಾವು ರಹಸ್ಯ ಅನ್ನುತ್ತೇವೆ) ಮಧ್ಯೆ ಫೋನಿನ ಬೆಳಕು ಹತ್ತಿತು. ಬಲಗೈ ಹೆಬ್ಬೆರಳು ತಾನಾಗಿ ಹೋಗಿ ಲಾಕ್ ತೆಗೆಯಿತು. ಯಾರೋ ಗ್ರೂಪಿಗೆ ಆರೋಗ್ಯ ಮಾತೆಯ, ಅಂದರೆ ಮರಿಯಮ್ಮನವರ, ಫೋಟೋ ಹಾಕಿದ್ದರು. ಇವರು ಕೈಮುಗಿಯುವ ಎಮೋಜಿ ಹಾಕಿದರು, ಫೋಟೋವನ್ನು ಇನ್ನೊಂದು ಗ್ರೂಪಿಗೆ ಕಳಿಸಿದರು, ಹಾಗೇ ಯಾರದೋ ಸ್ಟೇಟಸ್ ತೆರೆದರು. ಇಷ್ಟು ಹೊತ್ತೂ ಬಾಯಲ್ಲಿ ನಮೋ ಮರಿಯಾ ನಿಂತಿರಲಿಲ್ಲ. ಎಡಗೈಯ ಮಣಿ ಮಾತ್ರ ಇದ್ದಲ್ಲೇ ಇತ್ತು.

ಅವರ ಭಕ್ತಿಯ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಅವರು ಕೆಟ್ಟದ್ದೇನೂ ನೋಡಲಿಲ್ಲ, ಮಾತೆಯ ಚಿತ್ರವನ್ನೇ ನೋಡಿದರು. ಆದರೆ ಅಷ್ಟು ಹೊತ್ತು ಅವರು ಮಾತೆಯ ಜೊತೆಗೂ ಇರಲಿಲ್ಲ, ನಮ್ಮ ಜೊತೆಗೂ ಇರಲಿಲ್ಲ.

ಗೆತ್ಸೆಮನಿ ತೋಟವನ್ನು ನೆನಪು ಮಾಡಿಕೊಳ್ಳಿ. ಮತ್ತಾಯನ ಶುಭಸಂದೇಶದ 26ನೇ ಅಧ್ಯಾಯ. ಶಿಲುಬೆಗೇರುವ ಹಿಂದಿನ ಆ ರಾತ್ರಿ ಯೇಸುಸ್ವಾಮಿ ಶಿಷ್ಯರಿಂದ ದೊಡ್ಡದೇನೂ ಕೇಳಲಿಲ್ಲ. ನನ್ನ ಜೊತೆ ಎಚ್ಚರವಾಗಿರಿ ಅಂದರು, ಅಷ್ಟೇ. ಒಂದು ಗಂಟೆ ಕೂಡ ಅವರಿಂದ ಆಗಲಿಲ್ಲ. ದಣಿದಿದ್ದರು, ಕಣ್ಣು ಭಾರವಾಗಿತ್ತು, ನಿದ್ದೆ ಹೋದರು. ನಮಗೆ ಆ ನೆಪವೂ ಇಲ್ಲ. ನಾವು ರಾತ್ರಿ ಹನ್ನೆರಡರವರೆಗೆ ಎಚ್ಚರವಾಗಿಯೇ ಇರುತ್ತೇವೆ. ಯೇಸುಸ್ವಾಮಿಯ ಜೊತೆ ಇರುವುದಿಲ್ಲ, ಅಷ್ಟೇ ವ್ಯತ್ಯಾಸ.

ಒಂದು ಕಡೆ ಮನಸ್ಸಿಟ್ಟು ಒಬ್ಬರ ಜೊತೆ ಇರುವುದು. ನನ್ನ ಮಟ್ಟಿಗೆ ಪ್ರಾರ್ಥನೆ ಶುರುವಾಗುವುದೇ ಅಲ್ಲಿಂದ. ಫೋನು ಮೊದಲು ಕಿತ್ತುಕೊಳ್ಳುವುದೂ ಅದನ್ನೇ. ನೋಡಿದ್ದು ಪ್ರಸಂಗದ ರೀಲ್ಸೋ ಸಿನಿಮಾ ರೀಲ್ಸೋ ಅನ್ನುವುದು ಆಮೇಲಿನ ಪ್ರಶ್ನೆ. ಅರ್ಧ ನಿಮಿಷಕ್ಕೊಂದು ಪ್ರಸಂಗ ನೋಡಿ ರೂಢಿಯಾದ ಮನಸ್ಸು ಭಾನುವಾರ ಫಾದರ್ ಹದಿನೈದು ನಿಮಿಷ ಮಾತಾಡಿದರೆ ಚಡಪಡಿಸುತ್ತದೆ. ಬೈಬಲ್ ತೆರೆದರೆ ಒಂದು ಅಧ್ಯಾಯ ದಾಟುವುದಿಲ್ಲ. ಗಂಡ ಏನೋ ಕಷ್ಟ ಹೇಳಿಕೊಳ್ಳುತ್ತಿದ್ದರೆ ಹೂಂ ಹೂಂ ಅನ್ನುತ್ತದೆ, ಕೇಳಿಸಿಕೊಳ್ಳುವುದಿಲ್ಲ.

ಇದು ಬರೀ ನಮ್ಮ ಮನಸ್ಸಿನ ಸೋಮಾರಿತನ ಅಂತ ನಾನು ಹೇಳಲಾರೆ. ಆ ಕಡೆ ಕೂತು ಈ ಆ್ಯಪ್‌ಗಳನ್ನು ಮಾಡುವವರು ಬೇಕಂತಲೇ ಹೀಗೆ ಮಾಡಿಟ್ಟಿದ್ದಾರೆ. ಮೊದಲು ಇಂಟರ್ನೆಟ್ಟಿನ ಪುಟಕ್ಕೂ ಒಂದು ಕೊನೆ ಇತ್ತು. ಮುಂದಿನದು ಬೇಕೆಂದರೆ ಒತ್ತಬೇಕಿತ್ತು. 2006ರಲ್ಲಿ ಏಜಾ ರಾಸ್ಕಿನ್ ಎಂಬ ಅಮೆರಿಕದ ಡಿಸೈನರ್ ಎಷ್ಟು ಎಳೆದರೂ ಮುಗಿಯದ ಪುಟವನ್ನು ರೂಪಿಸಿದರು. ಅದರ ಪರಿಣಾಮ ನೋಡಿ ಆಮೇಲೆ ಅವರೇ ಬಹಿರಂಗವಾಗಿ ನೊಂದುಕೊಂಡರು. ನಾಲ್ಕು ವಿಡಿಯೋ ಸಪ್ಪೆ, ಐದನೆಯದು ಚೆನ್ನಾಗಿದೆ. ಆ ಐದನೆಯದು ಯಾವಾಗ ಬರುತ್ತದೋ ಗೊತ್ತಿಲ್ಲದ್ದಕ್ಕೇ ಬೆರಳು ನಿಲ್ಲುವುದಿಲ್ಲ. ಓಸಿ ಜೂಜು ಆಡುವವರನ್ನು ನಾಳೆ, ನಾಳೆ ಅಂತ ಹಿಡಿದಿಡುವುದೂ ಇದೇ ಆಸೆ. ಜಪಸರಕ್ಕೆ ಕೊನೆ ಅಂತ ಒಂದಿದೆ. ಐದು ರಹಸ್ಯ ಮುಗಿದರೆ ಶಿಲುಬೆ ಮುಟ್ಟಿ ಎದ್ದೇಳುತ್ತೇವೆ, ಕಾಫಿ ಕುಡಿಯುತ್ತೇವೆ, ಆ ಮನೆಯವರ ಕಷ್ಟಸುಖ ಕೇಳುತ್ತೇವೆ.

ಹಾಗಂತ ಚಡಪಡಿಕೆಯೇ ಹೊಸದು ಅಂದುಕೊಳ್ಳಬೇಡಿ. 4ನೇ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಇವಾಗ್ರಿಯಸ್ ಎಂಬ ಸನ್ಯಾಸಿ ಇದನ್ನು ಬಹಳ ಹತ್ತಿರದಿಂದ ಕಂಡು ಬರೆದಿದ್ದಾರೆ. ಮಧ್ಯಾಹ್ನದ ಹೊತ್ತಿಗೆ ಒಂದು ದುರಾತ್ಮ ಬರುತ್ತದಂತೆ. ದಿನ ಮುಂದೆ ಹೋಗುವುದೇ ಇಲ್ಲ ಅನ್ನಿಸುತ್ತದೆ. ಸನ್ಯಾಸಿ ಪದೇ ಪದೇ ಕಿಟಕಿಯ ಕಡೆ ನೋಡುತ್ತಾನೆ. ಸೂರ್ಯ ಎಲ್ಲಿಗೆ ಬಂದ, ಊಟಕ್ಕೆ ಇನ್ನೆಷ್ಟು ಹೊತ್ತು, ಯಾರಾದರೂ ಈ ಕಡೆ ಬರುತ್ತಿದ್ದಾರಾ ಅಂತ ಹಣಕುತ್ತಾನೆ. ಫೋನಿಲ್ಲದ ಕಾಲದಲ್ಲಿ ಬರೆದದ್ದು ಇದು. ಆ ಸನ್ಯಾಸಿ ಎದ್ದು ಹೋಗಿ ನೋಡಿದರೆ ಮರಳು ಬಿಟ್ಟು ಏನೂ ಕಾಣುತ್ತಿರಲಿಲ್ಲ, ತಿರುಗಿ ಬಂದು ಕೂರುತ್ತಿದ್ದ. ನಮ್ಮ ಕಿಟಕಿಯಲ್ಲಿ ಯಾವಾಗಲೂ ಯಾರೋ ಬರುತ್ತಲೇ ಇರುತ್ತಾರೆ.

ಮಕ್ಕಳ ವಿಷಯಕ್ಕೆ ಬರುತ್ತೇನೆ. ನಮ್ಮೂರಿನ ಬೆಣ್ಣೆ ದೋಸೆ ಹೋಟೆಲುಗಳಲ್ಲಿ ಭಾನುವಾರ ಬೆಳಿಗ್ಗೆ ಕೂತು ಸುಮ್ನೆ ಸುತ್ತ ನೋಡಿ. ಈಚೆಗೆ ನನ್ನೆದುರು ಒಂದು ಕುಟುಂಬ ಕೂತಿತ್ತು. ಮಗುವಿಗೆ ಎರಡು ವರ್ಷ ಇದ್ದಿರಬಹುದು. ನೀರಿನ ಲೋಟಕ್ಕೆ ಫೋನ್ ಒರಗಿಸಿಟ್ಟಿದ್ದರು. ತಾಯಿ ದೋಸೆಯ ಚೂರನ್ನು ತುಟಿಗೆ ಮುಟ್ಟಿಸಿದರೆ ಬಾಯಿ ತೆರೆಯುತ್ತಿತ್ತು, ಕಣ್ಣು ಮಾತ್ರ ಕದಲುತ್ತಿರಲಿಲ್ಲ. ಬೆಣ್ಣೆಯೋ ಪಲ್ಯವೋ ಆ ಮಗುವಿಗೆ ಗೊತ್ತಿಲ್ಲ, ಕೊಡುತ್ತಿರುವುದು ಅಮ್ಮ ಅನ್ನುವುದೂ ಬಹುಶಃ ಗೊತ್ತಿಲ್ಲ. ಆ ತಾಯಿಯನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಎದುರಿಗಿದ್ದ ಅಪ್ಪ ಅಜ್ಜ ಇಬ್ಬರೂ ತಮ್ಮ ತಮ್ಮ ಫೋನಿನಲ್ಲಿದ್ದರು, ಅವಳಿಗೆ ಕೈ ಕೊಡುವವರು ಯಾರು? ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಸ್ಕ್ರೀನ್ ಬೇಡ, ಒಂದು ವರ್ಷದೊಳಗೆ ಬೇಡವೇ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಅದೇ ವರ್ಷ ಡಿಸೆಂಬರಿನಲ್ಲಿ, ಪವಿತ್ರ ಕುಟುಂಬದ ಹಬ್ಬದ ದಿನ, ಪೋಪ್ ಫ್ರಾನ್ಸಿಸ್ ಮನೆಮಂದಿಗೆಲ್ಲ ಕೇಳಿದ್ದೂ ಇದನ್ನೇ: ಊಟಕ್ಕೆ ಕೂತಾಗ ನೀವು ಒಬ್ಬರಿಗೊಬ್ಬರು ಮಾತಾಡುತ್ತೀರಾ, ಫೋನ್ ಹಿಡಿದು ಕೂರುತ್ತೀರಾ?

ಸ್ವಲ್ಪ ದೊಡ್ಡ ಹುಡುಗರಿಗೆ ನಾನು ಇಟಲಿಯ ಕಾರ್ಲೊ ಅಕುಟಿಸ್ ಬಗ್ಗೆ ಹೇಳುತ್ತೇನೆ. ಪೋಪ್ ಲಿಯೋ ಅವರು ಇವರನ್ನು ಸಂತ ಎಂದು ಘೋಷಿಸಿದ್ದು 2025ರ ಸೆಪ್ಟೆಂಬರ್ 7ರಂದು. ಮರುದಿನವೇ ನಮ್ಮ ಹರಿಹರದ ಆರೋಗ್ಯ ಮಾತೆಯ ಹಬ್ಬ. ಕಾರ್ಲೊಗೆ ಕಂಪ್ಯೂಟರ್ ಅಂದರೆ ಪ್ರಾಣ. ಪರಮಪ್ರಸಾದದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿಯ) ಅದ್ಭುತಗಳ ಬಗ್ಗೆ ವೆಬ್‌ಸೈಟ್ ಮಾಡಿದ ಹುಡುಗ. ವಿಡಿಯೋ ಗೇಮ್ ಇಷ್ಟ, ಆದರೆ ವಾರಕ್ಕೆ ಒಂದು ಗಂಟೆ ಸಾಕು ಅಂತ ತಾನೇ ಗೆರೆ ಹಾಕಿಕೊಂಡಿದ್ದ. 2006ರಲ್ಲಿ, 15ನೇ ವಯಸ್ಸಿನಲ್ಲಿ, ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ. ಪಾಲಕರಿಗೂ ಒಂದು ಮಾತು ಹೇಳಬೇಕು. ಕಾರ್ಲೊ ಆಡುತ್ತಿದ್ದ ಗೇಮ್ ಮನೆಯಲ್ಲೇ ಇರುತ್ತಿತ್ತು, ಜೇಬಿನಲ್ಲಿ ಕೂತು ರಾತ್ರಿಯೆಲ್ಲ ಕರೆಯುತ್ತಿರಲಿಲ್ಲ. ಮಗನ ಕೈಗೆ ದಿನಕ್ಕೆ ಎರಡು ಜಿಬಿ ಕೊಟ್ಟು, ನೀನೂ ಕಾರ್ಲೊ ತರ ಇರು ಅಂದರೆ ಅದು ನ್ಯಾಯವಲ್ಲ.

ಇನ್ನೊಂದು ವಿಷಯ. ಯಾರದಾದರೂ ಮನೆಯಲ್ಲಿ ಹುಡುಗ ಫೋನ್ ಕಿತ್ತುಕೊಂಡರೆ ಕೈ ಎತ್ತುತ್ತಾನೆ, ಊಟ ನಿದ್ದೆ ಬಿಟ್ಟಿದ್ದಾನೆ, ಕಾಲೇಜಿಗೆ ಹೋಗುತ್ತಿಲ್ಲ ಅಂದರೆ ದಯವಿಟ್ಟು ಉಪವಾಸ ಪ್ರಾರ್ಥನೆ ಒಂದನ್ನೇ ನಂಬಿ ಕೂರಬೇಡಿ. ಗೇಮಿಂಗ್ ಚಟವನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳ ಪಟ್ಟಿಯಲ್ಲೇ ಸೇರಿಸಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಶಟ್ ಕ್ಲಿನಿಕ್ 2014ರಿಂದ ಇದೆ. ಅಷ್ಟು ದೂರ ಆಗದಿದ್ದರೆ ನಮ್ಮೂರಿನ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲೂ ಮನೋರೋಗ ವಿಭಾಗ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ಡಾಕ್ಟರ ಹತ್ತಿರ ಹೋದರೆ ವಿಶ್ವಾಸ ಕಡಿಮೆಯಾಯಿತು ಅಂತ ಅಲ್ಲ. ಶುಭಸಂದೇಶ ಬರೆದ ಲೂಕನೇ ವೈದ್ಯ.

ಕೊನೆಗೆ ಬಲಿಪೂಜೆ, ಅಂದರೆ ಚರ್ಚಿನ ಪೂಜೆ. 2020ರ ಲಾಕ್‌ಡೌನಿನಲ್ಲಿ ಯೂಟ್ಯೂಬ್ ಪೂಜೆ ನಮ್ಮನ್ನು ಕಾಪಾಡಿತು. ಹಾಸಿಗೆ ಹಿಡಿದ ಹಿರಿಯರಿಗೆ ಇವತ್ತಿಗೂ ಅದು ಬೇಕು, ನಿಲ್ಲಿಸಬಾರದು. ಕೈಕಾಲು ಗಟ್ಟಿ ಇರುವವರು ಮಾತ್ರ ಕುಕ್ಕರ್ ಕೂಗಿಸುತ್ತಾ ಪೂಜೆ ನೋಡಿದೆ ಅನ್ನುವುದನ್ನು ಬಿಡೋಣ. ಚರ್ಚಿಗೆ ಬಂದವರೂ ಫೋನನ್ನು ಮನೆಯಲ್ಲೇ ಬಿಟ್ಟು ಬರೋಣ. ಇದನ್ನು ಹುಡುಗರಿಂದಲ್ಲ, ಐವತ್ತು ದಾಟಿದವರಿಂದ ಶುರು ಮಾಡೋಣ ಅಂತ ನನ್ನ ಆಸೆ. ಈಸ್ಟರಿಗೆ ಮುಂಚಿನ ತಪಸ್ಸುಕಾಲ ಬರಲಿ ಅಂತ ಕಾಯುವುದು ಬೇಡ, ಬರುವ ಭಾನುವಾರದಿಂದಲೇ ಆಗಲಿ. ಹಾಡಿಗೆ ಫೋನ್ ಬೇಕಲ್ಲ ಅನ್ನುವವರಿಗೆ: ಹಾಡಿನ ಪುಸ್ತಕಗಳು ಬಾಗಿಲ ಪಕ್ಕದ ಮೇಜಿನ ಮೇಲೆ ಇರುತ್ತವೆ. ಇಬ್ಬರಿಗೊಂದರಂತೆ ಹಂಚಿಕೊಂಡರೆ ಎಲ್ಲರಿಗೂ ಸಾಕಾಗುತ್ತದೆ.