ಡೋಪಮೈನ್‌ಗೆ ಭಾನುವಾರ ರಜೆ

ಹೋದ ತಿಂಗಳು ಒಂದು ಫ್ರೀ ವೆಬಿನಾರ್‌ಗೆ ಕೂತಿದ್ದೆ. ಫ್ರೀ ಅಂದ್ರೆ ಗೊತ್ತಲ್ಲ, ಮೊದಲ ಇಪ್ಪತ್ತು ನಿಮಿಷ ಜ್ಞಾನ, ಆಮೇಲೆ ಎರಡು ಗಂಟೆ ಮುಂದಿನ ಕೋರ್ಸಿನ ವ್ಯಾಪಾರ. ತಮ್ಮನ್ನ ತಾವೇ ನ್ಯೂರೋ ಕೋಚ್ ಅಂತ ಕರ್ಕೊಳೋ ಒಬ್ರು ಬಂದು ಮೊದಲ ಸ್ಲೈಡಲ್ಲೇ ಕೆಂಪಕ್ಷರದಲ್ಲಿ "ನಿಮ್ಮ ಶತ್ರು: ಡೋಪಮೈನ್" ಅಂತ ತೋರಿಸಿದ್ರು. ಡೋಪಮೈನ್ ಅಂದ್ರೆ ಮೆದುಳಿನ ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸೋಕೆ ಬಳಸೋ ಒಂದು ರಾಸಾಯನಿಕ. ಬೆಚ್ಚಿಬಿದ್ದೆ. ಬೆಳಗ್ಗೆ ಏಳಕ್ಕಾಗಲ್ವಾ, ಡೋಪಮೈನ್. ಓದೋಕೆ ಕೂತ್ರೆ ನಿದ್ದೆ ಬರುತ್ತಾ, ಡೋಪಮೈನ್. ಹೆಂಡತಿ ನಾಲ್ಕು ಸಲ ಕರೆದ್ರೂ ಕೇಳಿಸ್ಲಿಲ್ವಾ, ಅದೂ ಡೋಪಮೈನೇ (ಇದೊಂದನ್ನ ಮಾತ್ರ ನೋಟ್ ಮಾಡ್ಕೊಂಡೆ, ಉಪಯೋಗಕ್ಕೆ ಬರುತ್ತೆ). ಮೊದಲು ಇದನ್ನೆಲ್ಲ ಗ್ರಹಚಾರ ಅಂತಿದ್ವಿ, ಗ್ರಹ ಬಹಳ ದೂರ ಆಯ್ತು ಅಂತ ಈಗ ಗೂಬೆನ ತಲೆ ಒಳಗೇ ತಂದು ಕೂರಿಸಿದ್ದಾರೆ.

ಪರಿಹಾರ ಏನಪ್ಪಾ ಅಂದ್ರೆ ಭಾನುವಾರ ಪೂರ್ತಿ 24 ಗಂಟೆ ಡೋಪಮೈನ್ ಉಪವಾಸ. ಫೋನ್ ಇಲ್ಲ, ಹಾಡಿಲ್ಲ, ಹರಟೆ ಇಲ್ಲ, ರುಚಿಯಾಗಿರೋದು ಏನೂ ಬಾಯಿಗೆ ಹಾಕೋ ಹಾಗಿಲ್ಲ, ಗೋಡೆ ನೋಡ್ಕೊಂಡು ಕೂರೋದು, ನೀರಿನ ಟ್ಯಾಂಕ್ ಖಾಲಿ ಮಾಡಿ ತಿಕ್ಕಿ ತೊಳೆದು ಮತ್ತೆ ತುಂಬಿಸ್ತೀವಲ್ಲ ಹಾಗೆ ಸೋಮವಾರ ಬೆಳಗ್ಗೆ ಹೊಸಾ ಮೆದುಳು ರೆಡಿ. 2019ರ ಸುಮಾರಿಗೆ ಸಿಲಿಕಾನ್ ವ್ಯಾಲಿ ಕಡೆ ಈ ಹುಚ್ಚು ಸುದ್ದಿ ಮಾಡಿತ್ತು, ಎದುರಿಗೆ ಬಂದವರ ಮುಖ ನೋಡಿದ್ರೂ ಡೋಪಮೈನ್ ಚಿಮ್ಮಿಬಿಡುತ್ತೆ ಅಂತ ಕೆಲವರು ಕಣ್ಣೇ ಎತ್ತದೆ ಓಡಾಡ್ತಿದ್ರಂತೆ. ನೋಡಿ, ಫೋನನ್ನ ಒಂದಿನ ಬೀರುವಲ್ಲಿಟ್ರೆ ಒಳ್ಳೇದು ಅನ್ನೋದ್ರಲ್ಲಿ ನಂದೇನೂ ತಕರಾರಿಲ್ಲ, ಯಾವ ಅಜ್ಜಿ ಬೇಕಾದ್ರೂ ಹೇಳ್ತಾಳೆ. ಆದ್ರೆ ಅಜ್ಜಿ ಹೇಳಿದ್ರೆ ಅದು ಬೈಗುಳ, ಡೋಪಮೈನ್ ಸೇರಿಸಿ ಹೇಳಿದ್ರೆ ಅದು ಮೂರು ವಾರದ ಕೋರ್ಸು.

ಇನ್ನು ಟ್ಯಾಂಕ್ ನಿಜವಾಗ್ಲೂ ಖಾಲಿ ಆದ್ರೆ ಏನಾಗುತ್ತೆ, ಅದನ್ನ ನೋಡಿದವರಿದ್ದಾರೆ. 1950ರ ದಶಕದ ಕೊನೇಲಿ ಸ್ವೀಡನ್‌ನ ವಿಜ್ಞಾನಿ ಆರ್ವಿಡ್ ಕಾರ್ಲ್‌ಸನ್ ಮತ್ತವರ ಜೊತೆಯವರು ಮೊಲಗಳಿಗೆ ರಿಸರ್ಪಿನ್ ಅನ್ನೋ ಔಷಧಿ ಕೊಟ್ರು, ಅದು ಮೆದುಳಲ್ಲಿ ಡೋಪಮೈನ್ ಮತ್ತೆ ಅದರ ನೆಂಟರಿಷ್ಟರನ್ನೆಲ್ಲ ಬರಿದು ಮಾಡುತ್ತೆ, ಮೊಲಗಳು ಕಿವಿ ಜೋಲುಬಿಟ್ಕೊಂಡು ಇಟ್ಟಲ್ಲೇ ಬಿದ್ದಿದ್ವು. ಡೋಪಮೈನ್ ತಯಾರಾಗೋ ಕಚ್ಚಾಮಾಲು ಎಲ್-ಡೋಪಾ ಚುಚ್ಚಿದ್ಮೇಲೆ ನೋಡ್ತಾ ನೋಡ್ತಾ ಎದ್ದು ಕೂತ್ವು. ಇದರಿಂದ ಕೈಕಾಲು ನಡುಗಿ ಮೈ ಸೆಟೆಯೋ ಪಾರ್ಕಿನ್‌ಸನ್ ಕಾಯಿಲೆಗೆ ಔಷಧಿಯ ದಾರಿ ಸಿಕ್ತು, ಕಾರ್ಲ್‌ಸನ್‌ಗೆ 2000ದಲ್ಲಿ ನೊಬೆಲ್ ಬಂತು. ಇನ್ನೂ ಪೂರ್ತಿ ಡಿಟಾಕ್ಸ್ ಬೇಕಾ, 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೆಲವರಿಗೆ ಆಯ್ತು. ಕಳ್ಳಮಾಲಿನ ಮಾದಕವಸ್ತು ಚುಚ್ಕೊಂಡಿದ್ರು, ಅದರಲ್ಲಿ ಎಂಪಿಟಿಪಿ ಅನ್ನೋ ಕಲಬೆರಕೆ ಸೇರಿ ಡೋಪಮೈನ್ ತಯಾರಿಸೋ ಜೀವಕೋಶಗಳನ್ನೇ ಕೊಂದುಹಾಕ್ತು, ಚಿಕ್ಕ ವಯಸ್ಸಿಗೇ ಮೈಕೈ ಸೆಟೆದು ಅಲ್ಲಾಡಕ್ಕಾಗದೆ ಆಸ್ಪತ್ರೆ ಸೇರಿದ್ರು. ಇದು ನಗೋ ವಿಷಯ ಅಲ್ಲ, ಆದ್ರೆ "ಝೀರೋ ಡೋಪಮೈನ್ ಸಂಡೇ" ಅಂತ ನಗುಮುಖದ ಪೋಸ್ಟರ್ ಹಾಕೋರಿಗೆ ಯಾರಾದ್ರೂ ಹೇಳ್ಬೇಕಲ್ಲ.

ಡೋಪಮೈನ್ ಅಂದ್ರೆ ಸುಖದ ರಸ ಅನ್ನೋದೂ ಸರಿಯಿಲ್ಲ. ಡೋಪಮೈನ್ ನರಗಳು ಹಾಳಾದ ಇಲಿಗಳು ಮುಂದೆ ಊಟ ಇದ್ರೂ ಮೂಸದೆ ಸಾಯೋ ಸ್ಥಿತಿಗೆ ಬರ್ತವೆ, ಆದ್ರೆ ನೀವೇ ಬಾಯಿಗೆ ಸಕ್ಕರೆ ನೀರು ಹನಿಸಿದ್ರೆ ಮೊದಲಿನ ಹಾಗೇ ಚಪ್ಪರಿಸ್ತವೆ. ರುಚಿ ಹೋಗಿಲ್ಲ, "ಬೇಕು" ಅಂತ ಎದ್ದು ಹೋಗೋ ಕಾಲು ಹೋಗಿದೆ. ಅಂದ್ರೆ ವೆಬಿನಾರ್‌ಗೆ ಲಾಗಿನ್ ಆಗ್ಬೇಕು ಅಂತ ನನ್ನನ್ನ ಎಬ್ಬಿಸಿ ಕೂರಿಸಿದ್ದೂ ಅದೇ ಡೋಪಮೈನ್! ಕೋಚ್ ತಮ್ಮ ಗಿರಾಕಿ ಕರ್ಕೊಂಡು ಬಂದವನಿಗೇ ಬೈತಾ ಕೂತಿದ್ರು.

ಅಷ್ಟೊತ್ತಿಗೆ ಎರಡನೇ ಐಟಂ ಬಂತು ನೋಡಿ, ಮಕ್ಕಳ ಬ್ಯಾಚ್. ಹೆಸರು ಮಿಡ್‌ಬ್ರೇನ್ ಆಕ್ಟಿವೇಶನ್. ಮಗು ಕಣ್ಣಿಗೆ ಪಟ್ಟಿ ಕಟ್ಟೋದು, ಮಗು ಪುಸ್ತಕ ಓದುತ್ತೆ, ಬಣ್ಣ ಹೇಳುತ್ತೆ, ಅಪ್ಪ ಅಮ್ಮ ಕಣ್ಣಲ್ಲಿ ನೀರು ಹಾಕ್ತಾರೆ. ನಾವು ಮೆದುಳಿನ 10 ಪರ್ಸೆಂಟ್ ಮಾತ್ರ ಬಳಸ್ತೀವಂತೆ, ಮಿಕ್ಕಿದ್ದನ್ನ ಇವರು ಆನ್ ಮಾಡ್ತಾರಂತೆ. ಮೈತೂಕದಲ್ಲಿ 2 ಪರ್ಸೆಂಟ್ ಇದ್ಕೊಂಡು ನಾವು ಸುಮ್ನೆ ಕೂತಾಗ್ಲೂ ಮೈ ಶಕ್ತಿಯ 20 ಪರ್ಸೆಂಟ್ ಹೀರೋ ಅಂಗ, ಅದರಲ್ಲಿ ಹತ್ತಕ್ಕೆ ಒಂಬತ್ತು ಪಾಲು ಗೋಡೌನ್ ಅಂತೆ! ಇರ್ಲಿ, ಆ ಹತ್ತು ಪರ್ಸೆಂಟಿನ ಕಥೆಗೆ ಉತ್ತರ ಕೊಟ್ಟು ಕೊಟ್ಟು ಎಷ್ಟೋ ಜನ ಸುಸ್ತಾಗಿದ್ದಾರೆ.

ನಂಗೆ ನಗು ತಡೀಲಿಕ್ಕಾಗದೇ ಇದ್ದಿದ್ದು ಬೇರೆ ಕಾರಣಕ್ಕೆ. ಮಿಡ್‌ಬ್ರೇನ್ ಅಂದ್ರೆ ಮೆದುಳಿನ ಕಾಂಡದ ಮೇಲ್ತುದಿ, ಹೆಬ್ಬೆರಳಿನಷ್ಟೂ ಉದ್ದ ಇಲ್ಲದ ಜಾಗ. ಕಣ್ಣುಗುಡ್ಡೆ ತಿರುಗಿಸೋದು, ಬೆಳಕು ಬಿದ್ರೆ ಪಾಪೆ ಕಿರಿದು ಮಾಡೋದು, ಸದ್ದಾದ ಕಡೆ ಕತ್ತು ತಿರುಗಿಸೋಕೆ ನೆರವಾಗೋದು, ಎಚ್ಚರವಾಗಿ ಇಡೋದು, ಇಷ್ಟಕ್ಕೂ ಅದು ಬೇಕು. ಅದು ಆಫ್ ಆಗಿದ್ರೆ ಮಗು ಕ್ಲಾಸಿಗೆ ಬರ್ತಿರ್ಲಿಲ್ಲ, ಐಸಿಯುಗೆ ಹೋಗ್ತಿತ್ತು. ಈಗ ಮಜಾ ಏನು ಗೊತ್ತಾ, ಡೋಪಮೈನ್ ತಯಾರಿಸೋ ನಾಲ್ಕಾರು ಲಕ್ಷ ಜೀವಕೋಶಗಳಲ್ಲಿ ಬಹುಪಾಲು ಕೂತಿರೋದು ಅದೇ ಮಿಡ್‌ಬ್ರೇನಲ್ಲಿ! ಮೊಲದ ಕಥೆ, ಪಾರ್ಕಿನ್‌ಸನ್ ಕಥೆ, ಆ ಕಳ್ಳಮಾಲು ಚುಚ್ಕೊಂಡವರ ಕಥೆ ಎಲ್ಲದರಲ್ಲೂ ಬರೋ ಸಬ್‌ಸ್ಟಾನ್ಷಿಯಾ ನೈಗ್ರಾ ಅನ್ನೋ ಕಪ್ಪು ಪಟ್ಟೆ ಇರೋದೂ ಅಲ್ಲೇ. ಅಂದ್ರೆ ಒಂದೇ ಕೋಚು, ಒಂದೇ ಸಂಜೆ, ಅಪ್ಪನಿಗೆ ಫ್ಯಾಕ್ಟರಿ ಬೀಗ ಹಾಕೋ ಕೋರ್ಸು, ಮಗನಿಗೆ ಅದೇ ಫ್ಯಾಕ್ಟರಿ ಓಪನ್ ಮಾಡೋ ಕೋರ್ಸು. ಇಬ್ರೂ ಒಟ್ಟಿಗೆ ಸೇರಿದ್ರೆ ಫ್ಯಾಮಿಲಿ ಡಿಸ್ಕೌಂಟ್.

ಕಣ್ಣಿಗೆ ಪಟ್ಟಿ ಕಟ್ಟಿ ಓದೋ ವಿದ್ಯೆಗೆ ಬರೋಣ. ಮುಖಕ್ಕೆ ಬಟ್ಟೆ ಕಟ್ಕೊಂಡು ನೋಡಿ, ಮೂಗಿನ ಎರಡೂ ಪಕ್ಕ ಕೆಳಕ್ಕೆ ಸಣ್ಣ ಸಂದು ಉಳಿಯುತ್ತೆ, ಕಣ್ಣು ಕೆಳಗೆ ಮಾಡಿದ್ರೆ ಮಡಿಲಲ್ಲಿರೋ ಪುಸ್ತಕ ಆರಾಮಾಗಿ ಕಾಣುತ್ತೆ. ಜಾದೂಗಾರರಿಗೆ ಇದು ಯಾವತ್ತಿಂದಲೋ ಗೊತ್ತು. ಮೂಗಿನ ನೇರಕ್ಕೆ ಮಾತಾಡೋರನ್ನ ಬೇಕಾದಷ್ಟು ನೋಡಿದ್ದೆ, ಮೂಗಿನ ನೇರಕ್ಕೆ ಓದೋರನ್ನ ಅವತ್ತೇ ನೋಡಿದ್ದು. ಪಾಪ ಮಗುದೇನೂ ತಪ್ಪಿಲ್ಲ, ಎಲ್ರೂ ಚಪ್ಪಾಳೆ ತಟ್ಟೋಕೆ ಕಾಯ್ತಿರುವಾಗ ಕಾಣ್ತಿಲ್ಲ ಅಂತ ಹೇಳೋ ಧೈರ್ಯ ಯಾವ ಎಂಟು ವರ್ಷದ ಮಗುಗೆ ಬರುತ್ತೆ. ಇದಕ್ಕೆ ಮಿಡ್‌ಬ್ರೇನ್ ಗಿಡ್‌ಬ್ರೇನ್ ಅಂತ ಹೊಸ ಹೆಸರೂ ಬೇಕಿರ್ಲಿಲ್ಲ, ಕನ್ನಡದಲ್ಲಿ ಮೊದಲಿಂದ್ಲೂ ಕಣ್ಕಟ್ಟು ಅಂತಾನೇ ಅಂತೀವಿ. ಪಟ್ಟಿ ಮಗುಗೆ, ಕಣ್ಕಟ್ಟು ಅಪ್ಪ ಅಮ್ಮಂಗೆ. ನಾನು ಚಾಟಲ್ಲಿ ಮರ್ಯಾದೆಯಿಂದಾನೇ ಕೇಳ್ದೆ, "ಸರ್, ಪುಸ್ತಕನ ಹಣೆಗಿಂತ ಮೇಲೆ ಹಿಡಿದು ಓದಿಸಬಹುದಾ?" ನಂದು ನೆಗೆಟಿವ್ ಎನರ್ಜಿ ಅಂತ ಹೇಳಿ ಮ್ಯೂಟ್ ಮಾಡಿದ್ರು.

ಬೇಜಾರಾಗೋದು ಎಲ್ಲಿ ಅಂದ್ರೆ, ಕಾಣದ್ದನ್ನ ಕಾಣೋ ಚಮತ್ಕಾರ ಎಲ್ಲಾರ ತಲೆಯಲ್ಲೂ ಆಗ್ಲೇ ನಡೀತಿದೆ, ಪುಕ್ಕಟೆ. ಹಾಳೆ ಮೇಲೆ ಎಡಕ್ಕೊಂದು ಗುಣಿಸು ಗುರುತು, ಅದರಿಂದ 8 ಸೆಂಟಿಮೀಟರ್ ಬಲಕ್ಕೆ ಒಂದು ಚುಕ್ಕಿ ಹಾಕಿ. ಎಡಗಣ್ಣು ಮುಚ್ಚಿ, ಬಲಗಣ್ಣಲ್ಲಿ ಗುಣಿಸು ಗುರುತನ್ನೇ ದಿಟ್ಟಿಸ್ತಾ ಹಾಳೆನ ನಿಧಾನಕ್ಕೆ ಹತ್ರ ತನ್ನಿ. ಸುಮಾರು 30 ಸೆಂಟಿಮೀಟರ್ ಹತ್ರ ಚುಕ್ಕಿ ಮಾಯ! ಕಣ್ಣಿನ ನರ ಹೊರಗೆ ಹೋಗೋ ಜಾಗದಲ್ಲಿ ಬೆಳಕು ಹಿಡಿಯೋ ಕೋಶಗಳೇ ಇಲ್ಲ, ಅಲ್ಲಿ ನೀವು ಕುರುಡರು. ಆದ್ರೂ ಅಲ್ಲಿ ಕರೀ ತೂತು ಕಾಣಲ್ಲ, ಬಿಳೀ ಹಾಳೆಯೇ ಕಾಣುತ್ತೆ, ಯಾಕಂದ್ರೆ ಅಕ್ಕಪಕ್ಕದ್ದು ನೋಡಿ ಮೆದುಳು ತೇಪೆ ಹಾಕಿಬಿಟ್ಟಿರುತ್ತೆ. ಹುಟ್ಟಿದಾಗಿಂದ ದಿನವಿಡೀ ಹೀಗೇ ತೇಪೆ ಹಾಕ್ತಿರೋ ಮೆದುಳಿಗೆ ಸರ್ಟಿಫಿಕೇಟ್ ಕೊಡೋಕೆ ಇವರ್ಯಾರು.

ಇಷ್ಟೆಲ್ಲ ಮಾತಾಡಿದ ನಾನು ಭಾನುವಾರ ಉಪವಾಸಕ್ಕೆ ಕೂತೆನಾ ಅಂತ ಕೇಳಿ. ಕೂತೆ. ಮಾಡಿ ನೋಡ್ದೆ ಬೈಬಾರ್ದು ಅಂತ. ಫೋನ್ ಮುಟ್ಟಬಾರ್ದು ಆದ್ರೆ ಉಪವಾಸ ಲೆಕ್ಕ ಇಡೋ ಆ್ಯಪ್ ಫೋನಲ್ಲೇ ಇದೆ, 24 ಗಂಟೆ ತುಂಬಿದ ಕೂಡ್ಲೇ ಟಿಣ್ ಅಂತ ಚಿನ್ನದ ಬಣ್ಣದ ಬ್ಯಾಡ್ಜ್ ಬರುತ್ತೆ, ಏಳು ವಾರ ಬಿಡದೆ ಮಾಡಿದ್ರೆ ವಜ್ರದ್ದು. ನರವಿಜ್ಞಾನಿ ವೋಲ್ಫ್ರಾಮ್ ಶುಲ್ಟ್ಸ್ ಕೋತಿಗಳಲ್ಲಿ ಇದನ್ನೇ ಅಲ್ವಾ ನೋಡಿದ್ದು. ಮೊದಮೊದಲು ಹಣ್ಣಿನ ರಸ ಬಾಯಿಗೆ ಬಿದ್ದಾಗ ಡೋಪಮೈನ್ ಕೋಶಗಳು ಪಟಪಟ ಅಂದ್ವು, ರಸಕ್ಕೆ ಮುಂಚೆ ದೀಪ ಹತ್ತುತ್ತೆ ಅಂತ ಕಲಿತ ಮೇಲೆ ದೀಪ ಹತ್ತಿದ ಕೂಡ್ಲೇ ಪಟಪಟ, ರಸಕ್ಕೆ ಏನೂ ಇಲ್ಲ. ದೀಪ ಹತ್ತಿ ರಸ ಬರ್ಲಿಲ್ವಾ, ಸರಿಯಾಗಿ ಬರಬೇಕಿದ್ದ ಗಳಿಗೇಲಿ ಕೋಶಗಳು ಗಪ್‌ಚುಪ್.

ಗೋಡೆ ನೋಡ್ತಾ ನೋಡ್ತಾ 23 ಗಂಟೆ 59 ನಿಮಿಷ ಆಯ್ತು. ಕೈ ಫೋನ್ ಮೇಲಿದೆ, ಎದೆ ಹೊಡ್ಕೊಳ್ತಿದೆ. 24 ಗಂಟೆ ಆಯ್ತು. ಟಿಣ್ ಇಲ್ಲ, ಬ್ಯಾಡ್ಜ್ ಇಲ್ಲ, "ಸರ್ವರ್ ಬ್ಯುಸಿ" ಅಂತ ಒಂದು ಚಕ್ರ ತಿರುಗ್ತಾ ಇದೆ. ಇಡೀ ದಿನದಲ್ಲಿ ನನ್ನ ಡೋಪಮೈನ್ ಇಳಿದಿದ್ರೆ ಆ ಒಂದು ಗಳಿಗೇಲೇ ಇಳಿದಿರ್ಬೇಕು. ಕೋಚ್‌ಗೆ ಮೆಸೇಜ್ ಹಾಕಿದೆ. ಎರಡೇ ನಿಮಿಷಕ್ಕೆ ಉತ್ತರ ಬಂತು, ಭಾನುವಾರ ಅವರ ಫೋನ್ ಅವರ ಕೈಯಲ್ಲೇ ಇತ್ತು ಅನ್ಸುತ್ತೆ: "ನಿಮ್ಮ ಮಿಡ್‌ಬ್ರೇನ್ ಇನ್ನೂ ಆನ್ ಆಗಿಲ್ಲ ಸರ್, ದೊಡ್ಡೋರಿಗೂ ಒಂದು ಬ್ಯಾಚ್ ಇದೆ, ಲಿಂಕ್ ಕಳಿಸ್ಲಾ?"