ಜೀಪಿನ್ಯಾಗ ಮೂವತ್ತ ಮಂದಿ, ಬಾಟ್ಲಿ ಹಿಡಿಯಾಂವ ಒಬ್ನ

ನಮ್ಮ ಓಣಿ ತುದೀಗಿರೋ ಚಾದಂಗಡಿ ಮ್ಯಾಲ ಮಳಿಗಾಲಕ್ಕಂತ ಒಂದು ಹಳೇ ಫ್ಲೆಕ್ಸ್ ಹೊಚ್ಚ್ಯಾರ, ಅದೂ ಉಲ್ಟಾ ಹೊಚ್ಚ್ಯಾರ, ಬಿಳೇ ಮಗ್ಗಲು ಆಕಾಶಕ್ಕ, ಫೋಟೋ ಮಗ್ಗಲು ನಮ್ಮ ಕಡೆ, ಹಿಂಗಾಗಿ ಬಾಕಿನ ಮ್ಯಾಲ ಕುಂತು ಗೋಣ ಎತ್ತಿದ್ರ ಸಾಕು, ಒಬ್ಬ ಹುಡುಗ ಮೆಡಲ್ ಕಚಗೊಂಡು ನಮ್ಮ ಚಾದ ಕಪ್ಪಿನ್ಯಾಗ ಇಣುಕಿ ನೋಡ್ತಿರ್ತಾನ. "ಧಾರವಾಡದ ಚಿರತಿ" ಅಂತ ದೊಡ್ಡದಾಗಿ ಬರದೈತಿ. ಅದರ ಕೆಳಗ ಶುಭ ಕೋರುವವರು ಅಂತ ಮೂವತ್ತು ರೌಂಡ್ ಫೋಟೋ ಇದ್ವು. ಅದರಾಗ ಎರಡನೇ ಸಾಲಿನ್ಯಾಗ ಐದನೇದು ನಂದು.

ಹುಡುಗ ಮೆಡಲ್ ತಂದ ದಿನಾ ಏನ್ ಮೆರವಣಿಗಿ ಅಂತೀರಿ, ಸ್ಟೇಷನ್ನಿಂದ ಜುಬಿಲಿ ಸರ್ಕಲ್ ಮಟಾ ಡಿಜೆ, ಗುಲಾಲು, ಪೇಡೆ ಡಬ್ಬಿ, ಹಾರ-ತುರಾಯಿ, ತೆರದ ಜೀಪು. ಜೀಪಿನ್ಯಾಗ ಮಾಜಿ ಕಾರ್ಪೊರೇಟರು, ಹಾಲಿ ಕಾರ್ಪೊರೇಟರು, ಮುಂದ ಆಗಬೇಕಂದಾವ್ರು, ಕೋಚು, ಕೋಚಿನ ಅಳಿಯ, ಜಿಮ್ಮಿನ ಮಾಲಕ, ಪ್ರೋಟೀನ್ ಡಬ್ಬಿ ಮಾರೂ ಅಂಗಡ್ಯಾಂವ, ಬಾನೆಟ್ ಮ್ಯಾಲ ನಾವು. ಹುಡುಗ ಎಲ್ಲಿ ಅಂತ ನೋಡಿದ್ರ ಹಿಂದ ಸ್ಟೆಪ್ನಿ ಹಿಡಕೊಂಡು ಜೋತು ಬಿದ್ದಿದ್ದ, ಜಾಗಾನ ಇರ್ಲಿಲ್ರಿ ಪಾಪ.

ಮುಂದ ಕೆಲ ತಿಂಗಳಿಗೆ ದಿಲ್ಲಿಯಿಂದ ಪತ್ರ ಬಂತು, ಹುಡುಗನ ಉಚ್ಚಿ ಸ್ಯಾಂಪಲ್ ಪಾಸಿಟಿವ್ ಅಂತ. ಸ್ಟೀರಾಯ್ಡು, ಆಟಗಾರರು ತಗೋಬಾರದ ಮದ್ದು. ಸಂಜೀಕ ಸುದ್ದಿ ಬಂತು, ರಾತ್ರಿ ಒಂಬತ್ತಕ್ಕ ವಾಟ್ಸಾಪಿನ್ಯಾಗ ಎಲ್ಲಾರ ಡಿಪಿ ಬದಲಾದ್ವು. "ಅಂವಾ ಮೂಲ ಗದಗ ಕಡ್ಯಾಂವ್ರೀ, ನಮ್ಮ ಓಣ್ಯಾಗ ಬಾಡಗಿಗೆ ಇದ್ರು" ಅಂತ ಒಬ್ರು ಹಾಕಿದ್ರು, ಹದಿನೇಳು ಥಂಬ್ಸ್ ಅಪ್ ಬಿದ್ವು (ಒಂದು ನಂದೂ ಐತಿ, ಸುಳ್ಳ ಯಾಕ ಹೇಳ್ಲಿ). ಮುಂಜಾನಿ ಎದ್ದು ನೋಡಿದ್ರ ಫ್ಲೆಕ್ಸಿನ್ಯಾಗ ರೌಂಡ್ ಫೋಟೋ ಒಂದೂ ಇಲ್ಲ. ರಾತ್ರೋರಾತ್ರಿ ಬ್ಲೇಡ್ ತಗೊಂಡು ಬಂದು ತಮ್ಮ ತಮ್ಮ ಮಾರಿ ತಾವ ಕತ್ತರಿಸಿಕೊಂಡು ಹೋಗಿದ್ರು. ಹುಡುಗನ ಮಾರಿ ಅಷ್ಟ ಉಳದಿತ್ತು, ಅದನ್ನ ಯಾರು ಒಯ್ತಾರ.

ದೇಶದ ಲೆಕ್ಕಾ ತಗದ್ರೂ ನಾವೇನು ಸಣ್ಣಾವ್ರಲ್ಲ ಬಿಡ್ರಿ. 2024ರಾಗ ನಮ್ಮ ನಾಡಾದಾವ್ರು, ಅಂದ್ರ ಆಟಗಾರರು ಮದ್ದು ತಗೊಂಡಾರೇನಂತ ತಪಾಸ ಮಾಡೂ ದೇಶದ ಸಂಸ್ಥೆಯವ್ರು, 7,113 ಸ್ಯಾಂಪಲ್ ತಗದ್ರು, 260 ಪಾಸಿಟಿವ್, ಜಗತ್ತಿನ ದೊಡ್ಡ ದೊಡ್ಡ ದೇಶಗಳ್ನೆಲ್ಲಾ ಹಿಂದ ಹಾಕಿ ನಂಬರ್ ಒನ್. ಒಲಿಂಪಿಕ್ಸಿನ ಪಟ್ಟಿಯೊಳಗ ನಮ್ಮ ಹೆಸರು ಹುಡುಕಾಕ ಬೆರಳಿಟ್ಟು ಕೆಳಗ ಕೆಳಗ ಇಳೀಬೇಕಾಗ್ತೈತಿ, ಇಲ್ಲಿ ನೋಡ್ರಿ ಮೊದಲನೇ ಸಾಲಿನ್ಯಾಗ ಕುಂತೇವಿ, ಇದಕ್ಕೂ ಒಂದು ಜೀಪ್ ತಗೀಬೇಕಾಗಿತ್ತು. 2023ರ ಸೆಪ್ಟೆಂಬರ್‌ದ್ದು ದಿಲ್ಲಿ ರಾಜ್ಯದ ಮೀಟ್ ನೆನಪೈತೇನು, ಟೆಸ್ಟ್ ಮಾಡಾವ್ರು ಬಂದಾರಂತ ಸುದ್ದಿ ಹಬ್ಬಿದ್ದ ತಡಾ, ಗಂಡಸರ 100 ಮೀಟರ್ ಫೈನಲ್ಲಿಗೆ ಓಡಾಕ ನಿಂತಾಂವ ಒಬ್ನ ಒಬ್ಬ, ಉಳದಾವ್ರು ಅದಕ್ಕೂ ಮೊದಲ ಓಡಿ ಹೋಗಿದ್ರು. ಸ್ಟೇಡಿಯಂ ಸಂಡಾಸಿನ್ಯಾಗ ಸಿರಿಂಜು ಬಿದ್ದಿದ್ವು. ಜೂನಿಯರ್ ಸ್ಟೀಪಲ್‌ಚೇಸಿನ ಹುಡುಗಿಯೊಬ್ಬಾಕಿ ಗೆರಿ ದಾಟಿದ ಮ್ಯಾಲೂ ನಿಲ್ಲದ ಹಂಗ ಓಡಿಕೋತ ಹೋದ್ಲು, ಆಫೀಸರ್ ಹಿಂದಿಂದ ಓಡಿದ್ರು. ಆ ಆಫೀಸರನ ಟೈಮಿಂಗ್ ಯಾರರ ಬರದಿಟ್ಟಾರೋ ಇಲ್ಲೋ.

ನಮ್ಮ ಚಾದಂಗಡಿಗೆ ಒಬ್ರು ರಿಟೈರ್ಡ್ ಸೋಷಿಯಾಲಜಿ ಮಾಸ್ತರ್ ಬರ್ತಾರ, ಅರ್ಧ ಚಾ ಕುಡದು ಪೂರ್ತಿ ಪಾಠ ಹೇಳಿ ಹೋಗ್ತಾರ. ಅವತ್ತ ನಾನು "ಸರ, ಈಗಿನ ಹುಡುಗರಿಗೆ ಶಿಸ್ತ ಇಲ್ಲ ನೋಡ್ರಿ, ಮಾತ ಕೇಳೂದಿಲ್ಲ" ಅಂದೆ.

"ತಮ್ಮಾ, ಅಲ್ಲೇ ನೀ ತಪ್ಪಿದಿ" ಅಂದ್ರು. "ಕೇಳ್ಯಾನಲೇ ಅಂವಾ. ಭಾಳ ಕೇಳ್ಯಾನ."

1991ರಾಗ ಹ್ಯೂಸ್ ಮತ್ತ ಕೋಕ್ಲಿ ಅಂತ ಇಬ್ರು ಅಮೆರಿಕಾದ ಪಂಡಿತರು ಬರದಾರಂತ, ಔಷಧ ತಗೊಳ್ಳೂ ಆಟಗಾರ ಎಲ್ಲಾ ಸಲ ನಿಯಮ ಮುರಿಯೋ ಪುಂಡ ಅಲ್ಲ, ಆಟದ ಲೋಕ ಹೇಳಿಕೊಟ್ಟಿದ್ದನ್ನ ಅತಿಯಾಗಿ ಪಾಲಿಸಿದಾಂವ. ಆಟಕ್ಕಾಗಿ ಎಲ್ಲಾ ಬಿಡು, ಎಲ್ಲಾರಕಿಂತ ಮುಂದಿರು, ನೋವು ನುಂಗು, ಆಗೂದಿಲ್ಲ ಅನ್ನೂ ಮಾತು ಬಾಯಾಗ ಬರಬಾರದು, ಇಷ್ಟನ್ನೂ ಒಬ್ಬ ಹುಡುಗ ಅಕ್ಷರಶಃ ನಂಬಿದ್ರ ಕಡೀಕ ಸೂಜಿ ತನಕಾನೂ ಬರ್ತಾನ ಅಂತ. ನನಗ ಗಪ್ ಅಂತ ನೆನಪಾತು, ಕ್ರೀಡಾಕೂಟದ ಉದ್ಘಾಟನಾದಾಗ ಮೈಕ್ ಹಿಡಕೊಂಡು "ಪ್ರಾಣಾ ಹೋದ್ರೂ ಚಿಂತಿಲ್ಲ, ಮೆಡಲ್ ಬರಬೇಕು" ಅಂತ ಅಂದಾಂವ ನಾನ. ಹುಡುಗ ಮುಂದಿನ ಸಾಲಿನ್ಯಾಗ ನಿಂತಿದ್ದ. ಚಪ್ಪಾಳಿ ಅಂವಾನ ಮೊದಲ ಹೊಡದಿದ್ದ.

ಮತ್ತ ಆ ಮೆಡಲ್ ಅಂದ್ರೇನು ಬರೇ ತಗಡೇನ್ರಿ? ರೇಲ್ವೆ ನೌಕರಿ, ಪೊಲೀಸ್ ನೌಕರಿ, ಅಕ್ಕನ ಮದಿವಿ, ಎರಡೆಕರೆ ಹೊಲದ ಮ್ಯಾಲಿನ ಸಾಲ, ಎಲ್ಲಾ ಅದ ಒಂದು ಬಿಲ್ಲೀಗೆ ಕಟ್ಟೀವಿ. ನಾಕನೇ ನಂಬರ್ ಬಂದಾಂವಗ ಸ್ಪೋರ್ಟ್ಸ್ ಕೋಟಾ ಇಲ್ಲ, ಜೀಪಿಲ್ಲ, ಅಂವಾ ಬಸ್‌ಸ್ಟ್ಯಾಂಡಿನಿಂದ ನಡಕೋತನ ಮನೀಗೆ ಬರಬೇಕು. ಮೂರಕ್ಕೂ ನಾಕಕ್ಕೂ ನಡುವ ಕಣ್ಣು ಮಿಟುಕಿಸೂವಷ್ಟು ಅಂತರ, ಆ ಅಂತರಕ್ಕ ಮದ್ದು ಮಾರಾವ್ರು ಓಣಿಗೊಬ್ರು ಅದಾರ. ಆಪರೇಷನ್ ಥೇಟರಿನ್ಯಾಗ ಬಿಪಿ ಇಳದ ಪೇಷಂಟಿಗೆ ಕೊಡೂ ಮೆಫೆಂಟರ್ಮಿನ್ ಇಂಜೆಕ್ಷನ್ನು, ಅದನ್ನ ಬಿಪಿ ನೆಟ್ಟಗಿದ್ದ ಹುಡುಗರು ಜಿಮ್ಮಿನ್ಯಾಗ ಚುಚ್ಚಿಕೊಳ್ಳಾಕತ್ತಾರ. ನಮ್ಮ ಫ್ಲೆಕ್ಸಿನ ಹುಡುಗನ ಅವ್ವ ನಮ್ಮ ಮನೀಗೆ ಬಂದು ಕೇಳಿದ್ರು, "ಅಣ್ಣಾರ, ಕೋಚ್ ಸರ್ ಟಾನಿಕ್ ಅಂದಿದ್ರು, ನಾನ ಹಾಲಿನ್ಯಾಗ ಕಲಸಿ ಕೊಡ್ತಿದ್ದೆ, ಅದರಾಗ ಏನಿತ್ತು?" ನಾ ಏನ್ ಹೇಳ್ಲಿ, ಚಾ ಕುಡೀರಿ ಅಕ್ಕಾರ ಅಂದೆ. ಚಾ ಕುಡಿಯಾಕ ಏನೂ ಅಡ್ಡಿ ಇಲ್ಲ, ಚಾದಾಗಿರೋ ಕೆಫೀನನ್ನ 2004ರಾಗ ನಿಷೇಧದ ಪಟ್ಟಿಯಿಂದ ತಗದಾರ.

ಈ ಟಾನಿಕ್ಕಿನ ಕಥಿ ನಮ್ಮ ಓಣ್ಯಾಗ ಹುಟ್ಟಿದ್ದಲ್ಲ. 2010ರ ದಿಲ್ಲಿ ಕಾಮನ್‌ವೆಲ್ತ್‌ನಾಗ ಬಂಗಾರ ಗೆದ್ದ ನಮ್ಮ ಹೆಣ್ಣಮಕ್ಕಳ ರಿಲೇ ತಂಡದಾಗಿನ ಮೂವರು 2011ರಾಗ ಸಿಕ್ಕಿಬಿದ್ರು, ಕೋಚ್ ಚೈನಾದಿಂದ ತಂದುಕೊಟ್ಟ ಜಿನ್ಸೆಂಗ್ ತಿಂದಿದ್ವಿ ಅಂದ್ರು, ಕಡೀಕ ಎರಡು ವರ್ಷ ಮನ್ಯಾಗ ಕುಂತಾವ್ರು ಹುಡಿಗ್ಯಾರ. ಕಾನೂನ ಹಂಗೈತ್ರಿ, ನಿನ್ನ ಮೈಯಾಗ ಸಿಕ್ಕಿದ್ದಕ್ಕ ನೀನ ಜವಾಬ್ದಾರಿ, ಯಾರು ಕೊಟ್ರು ಹೆಂಗ ಬಂತು ಅನ್ನೂದೆಲ್ಲಾ ಆಮ್ಯಾಲೆ. ಆಫೀಸರ್ ಎದುರು ನಿಂತು ನೋಡ್ತಿರಬೇಕು, ಹುಡುಗ ಬಾಟ್ಲಿ ತುಂಬಬೇಕು, ಎ ಅಂತೊಂದು ಬಿ ಅಂತೊಂದು. ನಮ್ಮ ದೇಶದಾಗ ಇಷ್ಟು ಕಣ್ಣಾಗ ಕಣ್ಣಿಟ್ಟು ಚೆಕ್ ಮಾಡೂ ಸರಕಾರಿ ಕೆಲಸ ಇದೊಂದ, ರೋಡಿನ ಡಾಂಬರಿಗೆ ಎ ಸ್ಯಾಂಪಲ್ ಬಿ ಸ್ಯಾಂಪಲ್ ತಗದಿದ್ದು ನಾ ಕಂಡಿಲ್ಲ. ನಗಿ ಬರೋದು ಏನಂದ್ರ, ಬಾಟ್ಲಿ ತಪಾಸ ಮಾಡೂ ದಿಲ್ಲಿ ಲ್ಯಾಬನ್ನ ವಾಡಾದವರು, ಅಂದ್ರ ನಾಡಾದಂಥಾದ್ದ ಜಾಗತಿಕ ಸಂಸ್ಥೆಯವ್ರು, 2019ರಾಗ ಸಸ್ಪೆಂಡ್ ಮಾಡಿ 2021ರ ಡಿಸೆಂಬರ್ ಮಟಾ ಹೊರಗ ನಿಂದ್ರಿಸಿದ್ರು. ಲ್ಯಾಬಿನ ಮಾರಿ ಇದ್ದ ಫ್ಲೆಕ್ಸ್ ಯಾರೂ ಕತ್ತರಿಸಲಿಲ್ಲ.

ಹಾವೇರಿ ಕಡೆ ದೀಪಾವಳಿ ಮುಗದ ಮ್ಯಾಲೆ ಹೋರಿ ಹಬ್ಬ ನೋಡ್ರಿ. ಕೊಬ್ಬರಿ ಸರಾ ಕಟ್ಟಿಕೊಂಡು ಹೋರಿ ಬಿರುಗಾಳಿ ಹಂಗ ಓಡ್ತೈತಿ, ಮಂದಿ ಬಾಯಿ ತಕ್ಕೊಂಡು ನೋಡಿ "ಏನ್ ಮೇಯಿಸೀರಿ ಯಜಮಾನ್ರ?" ಅಂತ ಕೇಳ್ತಾರ. ಯಾರನ್ನ ಕೇಳ್ತಾರ? ಮಾಲಕನ್ನ. ಹೋರಿನ್ನ ಕೇಳಿದ್ದು ನಾ ಅಂತೂ ನೋಡಿಲ್ಲ. ಹುಡುಗನ ವಿಷಯ ಬಂದಾಗ ಅಷ್ಟ ನಾವು ಮಾಲಕನ್ನ ಬಿಟ್ಟು ಹೋರಿಗೆ ನೋಟಿಸ್ ಕೊಡ್ತೀವಿ. ಪೂರ್ವ ಜರ್ಮನಿಯಾಗ ಸಣ್ಣ ಹುಡುಗ್ಯಾರಿಗೆಲ್ಲಾ ವಿಟಮಿನ್ ಅಂತ ಹೇಳಿ ಸ್ಟೀರಾಯ್ಡಿನ ನೀಲಿ ಗುಳಗಿ ನುಂಗಿಸಿದ್ರು, ಸರಕಾರದ್ದ ಪ್ಲಾನದು, 14.25 ಅಂತ ನಂಬರ್ ಕೊಟ್ಟಿದ್ರು. ಬರ್ಲಿನ್ ಗೋಡಿ ಬಿದ್ದು ಹತ್ತು ವರ್ಷ ಆದಮ್ಯಾಲೆ, 2000ದಾಗ, ಬರ್ಲಿನ್ ಕೋರ್ಟು ಆ ದೇಶದ ಕ್ರೀಡಾ ಒಕ್ಕೂಟದ ಯಜಮಾನನ್ನ, ಅವನ ಡಾಕ್ಟರನ್ನ ಕಟಕಟೆಯಾಗ ನಿಂದ್ರಿಸ್ತು. ಜೈಲಿಗೆ ಹೋಗ್ಲಿಲ್ಲ ಬಿಡ್ರಿ, ಶಿಕ್ಷಾ ಅಮಾನತಿನ್ಯಾಗ ಇಟ್ರು, ಆದ್ರ ಕೇಳೂದರ ಮಾಲಕನ್ನ ಕೇಳಿದ್ರು.

ನಾವೂ ಸುಮ್ನ ಕುಂತಿಲ್ರಿ. ಹೋದ ವಾರ ಓಣ್ಯಾಗ ಡೋಪಿಂಗ್ ವಿರೋಧಿ ಜಾಥಾ ಮಾಡಿದ್ವಿ, ಬಿಳೇ ಟೀ ಶರ್ಟು, ಎದೀ ಮ್ಯಾಲ "ಕ್ಲೀನ್ ಸ್ಪೋರ್ಟ್", ಬೆನ್ನ ಮ್ಯಾಲ ಪ್ರೋಟೀನ್ ಅಂಗಡಿ ಫೋನ್ ನಂಬರು, ಟೀ ಶರ್ಟ್ ಕೊಡಿಸಿದಾಂವ ಅಂವಾನ. ಅತಿಥಿ ಭಾಷಣಾ ಮಾಡಿದಾಂವ ಅದ ಕೋಚು. ಹೊಸಾ ಬ್ಯಾಚಿನ ಹುಡುಗರು ಸಾಲಾಗಿ ನಿಂತಿದ್ರು.

ಜಾಥಾ ಮುಗಿಸಿ ಮಳ್ಯಾಗ ತೋಯಿಸಿಕೊಂಡು ಚಾದಂಗಡ್ಯಾಗ ಬಂದು ಕುಂತೆ. ಟಪ್ ಅಂತ ಕಪ್ಪಿನ್ಯಾಗ ಹನಿ ಬಿತ್ತು. ಈ ಕಡೆ ಸರದೆ, ಮತ್ತ ಟಪ್. "ಏನೋ ತಮ್ಮಾ, ಹಿಂಗ ಸೋರಾಕತ್ತೈತಿ, ಬದಲ್ ಮಾಡಬಾರದೇನು?"

"ಮೂವತ್ತು ತೂತ್ರಿ ಸರ, ಎಷ್ಟಂತ ಮುಚ್ಚೂದು. ಮುಂದಿನ ತಿಂಗಳು ಸ್ಟೇಟ್ ಮೀಟ್ ಐತಿ, ನಮ್ಮ ಓಣೀದ ಇನ್ನೊಂದು ಹುಡುಗ ಹೊಂಟೈತಿ. ಹೊಸಾ ಫ್ಲೆಕ್ಸ್ ಬರೂತನಾ ನಡಸ್ರಿ."

ಗೋಣ ಎತ್ತಿ ನೋಡಿದೆ. ಎರಡನೇ ಸಾಲು, ಐದನೇ ತೂತು.